ದಾನಮ್ಮನಿಗೆ ಮೂರು ನಿಮಿಷ

ಗುರುವಾರ ಬೆಳಗಿನ ಐದು ಗಂಟೆಗೆ ದ್ಯಾಮವ್ವ ಮೊದಲ ರೊಟ್ಟಿ ಬಡಿದಳು. ಮುನ್ನೂರನೆಯದನ್ನು ಹಂಚಿಗೆ ಹಾಕಿದಾಗ ಮಧ್ಯಾಹ್ನ ಎರಡಾಗಿತ್ತು. ನಡುವೆ ಒಮ್ಮೆ ಟಾಯ್ಲೆಟ್ಟಿಗೆ ಹೋಗಿದ್ದಳು. ಒಮ್ಮೆ ನಿಂತಲ್ಲೇ ಚಹಾ ಕುಡಿದಿದ್ದಳು.

ಜೋಳದ ಹಿಟ್ಟಿಗೆ ಕುದಿಯುವ ನೀರು ಹೊಯ್ಯಬೇಕು. ಆರಲಿ ಎಂದು ಕಾಯುವಂತಿಲ್ಲ. ಬಿಸಿಯಲ್ಲೇ ನಾದಿದರೆ ಹಿಟ್ಟು ಜಿಗಿ ಹಿಡಿಯುತ್ತದೆ, ಇಲ್ಲದಿದ್ದರೆ ರೊಟ್ಟಿಯ ಅಂಚು ಒಡೆಯುತ್ತದೆ. ಎರಡು ವರ್ಷದಲ್ಲಿ ಅವಳ ಅಂಗೈಯ ಚರ್ಮ ಸತ್ತಿತ್ತು. ಅವಳ ಫೋನು ಅವಳ ಬೆರಳನ್ನು ಗುರುತಿಸುವುದನ್ನೇ ಬಿಟ್ಟಿತ್ತು.

ಮೆಲ್ಬರ್ನಿನ ಅಂಚಿನ ಕ್ಲೈಡ್ ನಾರ್ತ್‌ನ ಹೊಸ ಮನೆಗಳ ಸಾಲು ಮುಗಿಯುವಲ್ಲಿ ಒಂದು ಫ್ಯಾಕ್ಟರಿ ಶೆಡ್ಡು. ಅದರಲ್ಲಿ ಈ ಅಡುಗೆಮನೆ. ಬಾಗಿಲ ಮೇಲೆ ‘ಮಾಧುರಿ ಅಕ್ಕನ ರೊಟ್ಟಿ’ ಎಂಬ ಬೋರ್ಡು. ಮೆಲ್ಬರ್ನಿನ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಈ ರೊಟ್ಟಿಯದೇ ಮಾತು. ಪ್ಯಾಕೆಟ್ಟಿನ ಮೇಲೆ ಇಳಕಲ್ ಸೀರೆ ಉಟ್ಟು ರೊಟ್ಟಿ ಬಡಿಯುತ್ತಿರುವ ಮಾಧುರಿಯ ಫೋಟೋ. ಮಾಧುರಿಗೆ ರೊಟ್ಟಿ ಬಡಿಯಲು ಬರುವುದಿಲ್ಲ.

ಮುನ್ನೂರೂ ರೊಟ್ಟಿ ಗಟ್ಟಿಯಾಗಿ ಒಣಗಲು ತಂತಿಯ ಸ್ಟ್ಯಾಂಡಿನಲ್ಲಿ ನಿಂತಿದ್ದವು. ಮಾಧುರಿ ಬಂದಳು. ಕೈಯಲ್ಲಿ ಪ್ರಿಂಟ್ ಮಾಡಿದ ಒಂದು ಹಾಳೆ.

"ನಾಳೆ ಸಿಡ್ನಿಗೆ ರೊಟ್ಟಿ ಅಷ್ಟ ಅಲ್ಲ, ನೀನೂ ಬರಬೇಕು. ಸ್ಟೇಜ್ ಮ್ಯಾಲ ಬಿಸಿ ರೊಟ್ಟಿ ಬಡಿದು ತೋರಸಬೇಕು. ಮತ್ತ ಇದನ್ನ ಬಾಯಿಪಾಠ ಮಾಡಬೇಕು. ಮೂರು ನಿಮಿಷ ಕೊಟ್ಟಾರ ನಿನಗ."

ಸಿಡ್ನಿಯ ಟೂಂಗಾಬಿಯ ಒಂದು ಹಾಲ್‌ನಲ್ಲಿ ಶನಿವಾರ ಹೆಂಗಸರ ಕಾರ್ಯಾಗಾರ ಇತ್ತು. ‘ದಿನಕ್ಕೊಂದು ಧೈರ್ಯ: ವ್ಯಕ್ತಿತ್ವಕ್ಕಾಗಿ, ನಾಯಕತ್ವಕ್ಕಾಗಿ.’ ಮಾಧುರಿ ಅದರ ಮುಖ್ಯ ಭಾಷಣಕಾರ್ತಿ. ದ್ಯಾಮವ್ವ ಕೈ ಒರೆಸಿಕೊಂಡು ಹಾಳೆ ಓದಿದಳು.

‘ನಾನು ದಾನಮ್ಮ. ಹಳ್ಳಿಯ ಹೆಣ್ಣುಮಗಳು. ಓದು ಬರಹ ಗೊತ್ತಿಲ್ಲ. ಗಂಡ ತೀರಿಕೊಂಡ ಮೇಲೆ ಆರು ತಿಂಗಳು ಮನೆಯ ಹೊಸಿಲು ದಾಟಿರಲಿಲ್ಲ. ನಮ್ಮ ಬಂಧು ಮಾಧುರಿ ಅಕ್ಕ ನನ್ನ ಕೈಹಿಡಿದು ಹೊರಗೆ ಕರೆತಂದರು. ದಿನಕ್ಕೆ ಒಂದೇ ಒಂದು ಸಣ್ಣ ಧೈರ್ಯ ಮಾಡು ಎಂದರು…’

ಹೀಗೇ ಹತ್ತು ಸಾಲು.

"ನಾ ಎಂ.ಎ. ಓದೀನ್ರಿ ಅಕ್ಕಾರ" ಎಂದಳು ದ್ಯಾಮವ್ವ.

"ಗೊತ್ತೈತೇಳ. ಎಂ.ಎ. ಓದಿದಾಕಿ ಧೈರ್ಯ ಮಾಡಿದ್ರ ಅದರಾಗ ಏನ ಸ್ವಾರಸ್ಯ? ಜನಕ್ಕ ಕಣ್ಣಾಗ ನೀರ ಬರಬೇಕು."

"ಆರು ತಿಂಗಳ ಮನ್ಯಾಗ ಕುಂತಿರಲಿಲ್ರಿ ನಾ."

"ಅಯ್ಯ, ಕೋರ್ಟಿನ್ಯಾಗ ಸಾಕ್ಷಿ ಹೇಳಾಕತ್ತೀಯೇನು? ಕಥಿ ಅದು." ಮಾಧುರಿ ನಕ್ಕಳು. ಆಮೇಲೆ ಒಂದು ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡು ಹೇಳಿದಳು. "ಸೋಮವಾರ ಅವರು ನಿನ್ನ ಪಿಆರ್ ಪೇಪರಿಗೆ, ಇಲ್ಲೇ ಕಾಯಂ ಇರೂ ಅರ್ಜಿಗೆ, ಸಹಿ ಹಾಕ್ತಾರ. ಎರಡು ವರ್ಷ ಕಾದಿ. ಇನ್ನ ನಾಕ ದಿನ."

ಅವರು ಅಂದರೆ ಮಾಧುರಿಯ ಗಂಡ ಗುರುಬಸವ. ಕಂಪನಿ ಅವನ ಹೆಸರಿನಲ್ಲಿತ್ತು. ದ್ಯಾಮವ್ವನ ವೀಸಾ ಆ ಕಂಪನಿಯ ಹೆಸರಿನಲ್ಲಿತ್ತು.

ಅದಕ್ಕೂ ಮೊದಲು ಅದು ಅವಳ ಗಂಡ ಶಶಿಧರನ ಹೆಸರಿನಲ್ಲಿತ್ತು. ಹುಬ್ಬಳ್ಳಿಯ ಒಂದೇ ಓಣಿಯವರು ಇಬ್ಬರೂ. ಅವಳು ಧಾರವಾಡದಲ್ಲಿ ಸಮಾಜಶಾಸ್ತ್ರ ಓದಿ, ಪಿಯು ಕಾಲೇಜಿನಲ್ಲಿ ಎರಡು ವರ್ಷ ಪಾಠ ಮಾಡಿ, ಅವನ ಹಿಂದೆ ಇಲ್ಲಿಗೆ ಬಂದಳು. ಇಲ್ಲಿ ಆ ಪಾಠ ಯಾರಿಗೂ ಬೇಕಿರಲಿಲ್ಲ. ಅಡುಗೆಯ ಕೋರ್ಸ್ ಮಾಡಿ ಒಂದು ಹೋಟೆಲಿನಲ್ಲಿ ದುಡಿದಳು. ಒಂದು ಮಂಗಳವಾರ ಶಶಿಧರ ಆಫೀಸಿಗೆ ಹೋಗುವ ಟ್ರೇನಿನಲ್ಲಿ ಕೂತಲ್ಲೇ ಸತ್ತ. ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ ಬಂದರೂ ಏಳಲಿಲ್ಲ. ಅವನಿಗೆ ಮೂವತ್ನಾಲ್ಕು. ಹನ್ನೆರಡನೆಯ ದಿನ ಅವಳು ತನ್ನ ವೀಸಾಕ್ಕೆ ಹೊಸ ಸ್ಪಾನ್ಸರ್ ಹುಡುಕುತ್ತಿದ್ದಳು. ಅಳುವುದಕ್ಕೆ ಆಮೇಲೆ ಸಮಯ ಸಿಗುತ್ತದೆ ಅಂದುಕೊಂಡಿದ್ದಳು. ಸಿಗಲಿಲ್ಲ. ಈಗ ಬೇಕಾಗಿಯೂ ಇರಲಿಲ್ಲ.

ವಾಪಸ್ಸು ಹೋಗಬಹುದಿತ್ತು. ಶಶಿಧರನ ಅಣ್ಣ ಫೋನಿನಲ್ಲಿ ಎರಡು ಸಲ ಹೇಳಿದ್ದ. "ಬಂದಬಿಡು. ಹೊರಗಿನ ಖೋಲಿ ಖಾಲಿ ಐತಿ. ಮಕ್ಕಳನ್ನ ನೋಡ್ಕೊಂಡ ಇದ್ದೀಯಂತ." ಆ ಖೋಲಿಗೆ ಕಿಟಕಿ ಇಲ್ಲ. ಆ ಮಾತಿಗೂ ಇರಲಿಲ್ಲ.

ಕೆಲಸಕ್ಕೆ ಬಂದ ಮೊದಲ ದಿನ ಮಾಧುರಿ ಚಹಾ ಸೋಸುತ್ತ ಕೇಳಿದ್ದಳು.

"ಹುಬ್ಬಳ್ಳ್ಯಾಗ ಯಾರ ಪೈಕಿ ನೀವು?"

"ಎಸ್ಸಿ ರೀ."

ಮಾಧುರಿ ಎರಡೂ ಕಪ್ಪು ತುಂಬಿದಳು. ಆಮೇಲೆ ಹೇಳಿದಳು. "ನನಗೇನೂ ಇಲ್ಲ. ನಾವು ಅದನ್ನೆಲ್ಲ ನಂಬಂಗಿಲ್ಲ. ಆದ್ರ ಗಿರಾಕಿ ಅದಾರಲ್ಲ, ಅವರ ಬಾಯಿ ನಾ ಮುಚ್ಚಾಕ ಆಗಂಗಿಲ್ಲ. ದ್ಯಾಮವ್ವ ಬ್ಯಾಡ, ದಾನಮ್ಮ ಅನ್ನೂಣು. ನಮ್ಮ ಮಂದಿ ಇಡೂ ಹೆಸರು. ದೂರದ ಸಂಬಂಧ ಅಂತ ಹೇಳತೀನಿ. ಡೆಲಿವರಿಗೆ ಹೋಗೂ ಮುಂದ ಹಣಿಗೆ ಒಂದೀಟ ಈಬತ್ತಿ ಹಚ್ಕೊ."

ದ್ಯಾಮವ್ವ ಹೂಂ ಅಂದಿದ್ದಳು. ಆ ಹೂಂ ಅವಳದೇ. ಯಾರೂ ಅವಳ ಬಾಯಿಗೆ ತುರುಕಿರಲಿಲ್ಲ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಹಿಟ್ಟು ನಾದುವಾಗ ಅವಳ ಸಿಟ್ಟು ಮೊದಲು ಆ ಹೂಂ ಮೇಲೆ ಹೋಗುತ್ತಿತ್ತು. ಮಾಧುರಿಯ ಮನೆಗೆ ವಾರಕ್ಕೆರಡು ಸಲ ಹೋಗುತ್ತಿದ್ದಳು, ಹಿಟ್ಟಿನ ಚೀಲ ಇಳಿಸಲು. ಗ್ಯಾರೇಜ್ ದಾಟಿ ಒಳಗೆ ಹೋಗಿರಲಿಲ್ಲ. ಬಾ ಎಂದು ಯಾರೂ ಅಂದಿರಲಿಲ್ಲ.

*

ಶುಕ್ರವಾರ ಬೆಳಕು ಹರಿಯುವ ಮೊದಲೇ ಕಾರು ಹೊರಟಿತು. ಮುಂದೆ ಗಂಡ ಹೆಂಡತಿ. ಹಿಂದೆ ದ್ಯಾಮವ್ವ ಮತ್ತು ರೊಟ್ಟಿಯ ಡಬ್ಬಿಗಳು. ಎರಡು ಡಬ್ಬಿ ಪಕ್ಕದಲ್ಲಿ, ಒಂದು ತೊಡೆಯ ಮೇಲೆ. ಅವಳ ಬ್ಯಾಗು ಡಿಕ್ಕಿಯಲ್ಲಿತ್ತು.

"ದಾನಮ್ಮ, ಡಬ್ಬಿ ಅಲುಗಾಡಿಸಬ್ಯಾಡ ಮತ್ತ. ಮುರಿದ ರೊಟ್ಟಿ ಸಿಡ್ನಿಯವರು ಮುಟ್ಟಂಗಿಲ್ಲ" ಎಂದ ಗುರುಬಸವ.

"ಅಕಿ ಅಲುಗಾಡಂಗಿಲ್ಲ ಬಿಡ್ರಿ" ಎಂದಳು ಮಾಧುರಿ. "ಹತ್ತು ತಾಸು ಹಿಂಗ ಕುಂತ ಬಿಡತಾಳ. ಕಲ್ಲ ಇದ್ದಂಗ ಅದಾಳ."

ಇಬ್ಬರೂ ನಕ್ಕರು. ಅದು ಹೊಗಳಿಕೆಯೇ ಆಗಿತ್ತು. ದಾರಿಯುದ್ದಕ್ಕೂ ಮಾಧುರಿ ತನ್ನ ಭಾಷಣ ಓದಿ ಅಭ್ಯಾಸ ಮಾಡಿದಳು. "ಧೈರ್ಯ ಅನ್ನೋದು ದೊಡ್ಡ ಕೆಲಸ ಅಲ್ಲ. ಅದೊಂದು ಮಸಲ್. ದಿನಾ ವ್ಯಾಯಾಮ ಕೊಡಬೇಕು." ಗುರುಬಸವ ಹೂಂ ಹೂಂ ಅನ್ನುತ್ತಿದ್ದ. ದ್ಯಾಮವ್ವನ ತೊಡೆ ಜೋಮು ಹಿಡಿದಿತ್ತು.

ಸಿಡ್ನಿಯ ರೌಸ್ ಹಿಲ್‌ನಲ್ಲಿ ವಿಜಯಾಳ ಮನೆ. ಎರಡು ಮಹಡಿ. ಮೈಸೂರಿನವಳು. ದೊಡ್ಡ ಕಂಪನಿಯಲ್ಲಿ ಎಚ್ಆರ್ ಕೆಲಸ, ವಾರಾಂತ್ಯದಲ್ಲಿ ಲೀಡರ್‌ಶಿಪ್ ಕೋಚ್. ಶನಿವಾರದ ಕಾರ್ಯಾಗಾರ ಅವಳದೇ. ಬಾಗಿಲಲ್ಲೇ ಬಂದು ದ್ಯಾಮವ್ವನ ಎರಡೂ ಕೈ ಹಿಡಿದುಕೊಂಡಳು.

"ದಾನಮ್ಮ ಅವರೇ, ನಿಮ್ಮ ಬಗ್ಗೆ ಮಾಧುರಿ ಎಲ್ಲಾ ಹೇಳಿದ್ದಾರೆ. ಎಂಥ ಕೈ ಇದು! ಅತ್ತೆ, ನೋಡಿ ಬನ್ನಿ, ಇವರೇ ದಾನಮ್ಮ."

ಅತ್ತೆಗೆ ಎಂಬತ್ತರ ಹತ್ತಿರ. ನೆಟ್ಟಗೆ ನಡೆಯುತ್ತಿದ್ದರು. "ಬಾಮ್ಮ. ನಿಮ್ಮ ರೊಟ್ಟಿ ಅಂದ್ರೆ ನಾನು ತಿಂತೀನಿ. ಹೊರಗಿನ ಯಾವುದನ್ನೂ ಮುಟ್ಟಲ್ಲ ನಾನು. ಆಚಾರ ಇರೋ ಜನ ಅಂತ ಹೇಳಿದ್ರು, ಅದಕ್ಕೆ."

ಸಂಜೆ ದೇವರ ಕೋಣೆಯ ಮುಂದೆ ಎಲ್ಲರೂ ನಿಂತರು. ದ್ಯಾಮವ್ವ ಹಿಂದೆ ಗೋಡೆಗೆ ಒರಗಿ ನಿಂತಳು. ಅದು ಅವಳ ಅಭ್ಯಾಸ. ವಿಜಯಾ ತಿರುಗಿ ಬೆಂಕಿಪೊಟ್ಟಣ ಚಾಚಿದಳು.

"ದಾನಮ್ಮ ಅವರೇ, ಇವತ್ತು ದೀಪ ನೀವು ಹಚ್ಚಿ. ಗಂಡ ಇಲ್ಲ ಅಂತ ಹಿಂದೆ ನಿಲ್ಲೋದೆಲ್ಲ ನಮ್ಮ ಮನೇಲಿ ನಡೆಯಲ್ಲ. ನನ್ನತ್ತೆಯವರೂ ಒಪ್ಪಿದ್ದಾರೆ."

ಮುಂದೆ ಬಾ ಎಂದು ದ್ಯಾಮವ್ವನಿಗೆ ಯಾರೂ ಹೇಳದೆ ಎರಡು ವರ್ಷವಾಗಿತ್ತು. ಅವಳಿಗೆ ದೇವರ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಆದರೂ ಕಾಲು ತಾನಾಗಿ ಮುಂದೆ ಹೋಯಿತು. ಬೆಂಕಿಪೊಟ್ಟಣ ಕೈಗೆ ಬಂತು. ಕಡ್ಡಿ ತೆಗೆದಳು.

"ಬ್ಯಾಡ್ರಿ ವಿಜಯಾ ಅವರ" ಎಂದಳು ಮಾಧುರಿ. "ಅಕಿ ಹೊರಗಾಗ್ಯಾಳ. ಹೇಳಾಕ ನಾಚಿಕೊಳ್ಳಾಕತ್ತಾಳ."

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ಗುರುಬಸವ ಫೋನು ನೋಡತೊಡಗಿದ. ದ್ಯಾಮವ್ವ ಮಾಧುರಿಯ ಮುಖ ನೋಡಿದಳು. ದ್ಯಾಮವ್ವನ ಮುಟ್ಟು ಮುಗಿದು ಹತ್ತು ದಿನವಾಗಿತ್ತು.

"ಓಹ್, ಸಾರಿ, ಸಾರಿ. ಇಟ್ಸ್ ಓಕೆ" ಎಂದಳು ವಿಜಯಾ. ಬೆಂಕಿಪೊಟ್ಟಣವನ್ನು ಎರಡು ಬೆರಳಲ್ಲಿ ತೆಗೆದುಕೊಂಡಳು. "ನನಗೆ ಇದೆಲ್ಲ ಇಲ್ಲ. ಬಟ್ ಅತ್ತೆ ಇದ್ದಾರಲ್ಲ."

"ಮೊದಲೇ ಹೇಳಬಾರದೇನಮ್ಮ" ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಗು. ಹಿಂದೆ ಲಾಂಡ್ರಿ ರೂಮ್ ಇದೆ. ಚಾಪೆ ಕೊಡಿಸ್ತೀನಿ. ಅಲ್ಲೇ ಊಟ ಕಳಿಸ್ತೀನಿ."

ಲಾಂಡ್ರಿ ರೂಮಿನಲ್ಲಿ ಒಂದು ವಾಷಿಂಗ್ ಮಷೀನು, ಒಂದು ಡ್ರೈಯರು, ನಡುವೆ ಚಾಪೆ ಹಾಸುವಷ್ಟೇ ಜಾಗ. ಊಟ ಪೇಪರ್ ತಟ್ಟೆಯಲ್ಲಿ ಬಂತು. ತಟ್ಟೆಯಲ್ಲಿ ಅವಳದೇ ರೊಟ್ಟಿ. ಗೋಡೆಯ ಆಚೆ ಊಟದ ಮೇಜು. ರೊಟ್ಟಿ ಮುರಿಯುವ ಸದ್ದು ಕೇಳುತ್ತಿತ್ತು.

"ಎಷ್ಟು ತೆಳ್ಳಗೆ ಬಡಿದಿದ್ದಾಳೆ! ಇದು ಮುಂಚೆ ಮಾಡಿದ್ದು ತಾನೇ?" ಅತ್ತೆಯ ದನಿ.

"ಹೌದ್ರಿ, ಗುರುವಾರದ್ದು. ಅವಾಗ ಇನ್ನೂ ಆಗಿರಲಿಲ್ಲ" ಮಾಧುರಿಯ ದನಿ.

ಊಟವಾದ ಮೇಲೆ ಮಾಧುರಿ ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

"ಬ್ಯಾಸರ ಮಾಡ್ಕೋಬ್ಯಾಡ. ನೋಡ, ಗಿರಾಕಿಗೆ ಒಂದ ಮಾತ ಹೇಳೂದು ಬ್ಯಾರೆ, ದೇವರ ದೀಪ ಬ್ಯಾರೆ. ಅವರ ಮನಿ ದೇವರು ಅದು. ಗೊತ್ತಿದ್ದೂ ಮುಟ್ಟಿಸಿದ್ರ ನನಗೂ ಪಾಪ, ನಿನಗೂ ಪಾಪ. ನಿನ್ನ ಒಳ್ಳೇದಕ್ಕ ಹೇಳಿದ್ನಿ."

ದ್ಯಾಮವ್ವ ಚಾಪೆ ಬಿಡಿಸಿದಳು.

"ಹಾಳಿ ಬಾಯಿಪಾಠ ಆತಿಲ್ಲ?"

"ಆಗೇತ್ರಿ" ಎಂದಳು ದ್ಯಾಮವ್ವ. ನಿಜವಾಗಿಯೂ ಆಗಿತ್ತು. ಅವಳ ತಲೆ ಏನನ್ನೂ ಮರೆಯುತ್ತಿರಲಿಲ್ಲ.

*

ಬೆಳಿಗ್ಗೆ ಎಂಟಕ್ಕೆ ತೊಡಕು ಶುರುವಾಯಿತು. ಅತ್ತೆ ಸ್ನಾನ, ಪೂಜೆ ಮುಗಿಸಿ ಅಡುಗೆಮನೆಯ ಮೇಜಿಗೆ ಕೂತಿದ್ದರು. ಮುಂದೆ ಅರ್ಧ ತಿಂದ ರೊಟ್ಟಿ, ಶೇಂಗಾ ಚಟ್ನಿ. ಲಾಂಡ್ರಿಯ ಬಾಗಿಲು ತೆರೆದೇ ಇತ್ತು. ದ್ಯಾಮವ್ವನಿಗೆ ಎಲ್ಲ ಕೇಳುತ್ತಿತ್ತು.

"ಅಲ್ಲ ವಿಜಯಾ, ಅವಳು ಹೊರಗಾಗಿದ್ದಾಳೆ ಅಂದ್ಮೇಲೆ ಅಲ್ಲಿ ರೊಟ್ಟಿ ಬಡಿಯೋದು ಹೇಗೆ? ಮೂರು ದಿನ ಆಗಲಿಲ್ಲವಲ್ಲ."

"ಅತ್ತೆ, ಇದು ಸಿಡ್ನಿ."

"ಸಿಡ್ನಿ ಆದ್ರೆ? ಸಿಡ್ನೀಲಿ ಹೆಂಗಸರು ಹೊರಗಾಗಲ್ವಾ? ನನ್ನ ವಯಸ್ಸಿನೋರು ಹದಿನೈದು ಜನ ಬರ್ತಾರೆ. ಬಿಸಿ ರೊಟ್ಟಿ ಕೈಗೆ ಕೊಟ್ಟು, ಆಮೇಲೆ ಅವರಿಗೆ ಗೊತ್ತಾದ್ರೆ? ನಾನು ಹೇಳದೇ ಇರೋಕಾಗುತ್ತಾ?"

ವಿಜಯಾ ಉಸಿರು ಬಿಟ್ಟಳು. ಮಾಧುರಿ ಅಲ್ಲೇ ಇದ್ದಳು. ರೊಟ್ಟಿ ಬಡಿಯಲು ಇನ್ನೊಬ್ಬರು ಇರಲಿಲ್ಲ. ಪ್ಯಾಕೆಟ್ಟಿನ ಮೇಲೆ ಬಡಿಯುತ್ತಿದ್ದವಳು ಮಾಧುರಿ, ನೀನೇ ಬಡಿ ಎಂದರೆ ಅವಳಿಗೆ ಬರುತ್ತಿರಲಿಲ್ಲ. ಹಾಲ್‌ನಲ್ಲಿ ನೂರು ಜನ ಅದನ್ನೇ ನೋಡಲು ಬರುತ್ತಿದ್ದರು.

ಎರಡು ನಿಮಿಷದಲ್ಲಿ ಮಾಧುರಿ ಲಾಂಡ್ರಿಗೆ ಬಂದಳು. ಈ ಸಲ ಒಳಗೆ ಬಂದು ಬಾಗಿಲು ಹಾಕಿದಳು. ಅವಳ ಹಿಂದೆ ಗುರುಬಸವನೂ ಬಂದ. ಮೂವರೂ ಮಷೀನುಗಳ ನಡುವೆ ನಿಂತರು.

"ನೀ ಈಗ ಹೋಗಿ ಅಜ್ಜಿಗೆ ಹೇಳು" ಮಾಧುರಿ ಪಿಸುಗುಟ್ಟಿದಳು. "ನಾ ಹೊರಗಾಗಿರಲಿಲ್ಲ, ದೀಪ ಹಚ್ಚಾಕ ಅಂಜಿಕಿ ಬಂತು, ಅದಕ್ಕ ಅಕ್ಕಾರಿಗೆ ಸುಳ್ಳ ಹೇಳಿದ್ನಿ ಅಂತ. ಕಾಲಿಗೆ ಬೀಳು. ಮುದುಕಿ ಕರಗತಾಳ."

ದ್ಯಾಮವ್ವ ಚಾಪೆ ಮಡಚುತ್ತಿದ್ದಳು. ಮಡಚುವುದನ್ನು ನಿಲ್ಲಿಸಿದಳು.

"ಸುಳ್ಳ ನೀವ ಹೇಳಿದ್ರಿ."

"ಯಾರ ಹೇಳಿದ್ರೇನು? ನಾ ಹೇಳಿದ್ನಿ ಅಂದ್ರ ಯಾಕ ಹೇಳಿದಿ ಅಂತ ಕೇಳತಾರ. ಯಾಕ ಅಂತ ಹೇಳಲಿ ನಾ?"

"ನಾ ಒಲ್ಲೆ."

"ಏನ?"

"ನಾ ಒಲ್ಲೆ ರೀ."

ಆ ಮಾತು ಆಡಿದವಳು ಡ್ರೈಯರಿನ ಅಂಚು ಹಿಡಿದುಕೊಂಡಳು.

ಗುರುಬಸವ ಮೆಲ್ಲಗೆ ಮಾತಾಡಿದ. ಅವನು ಎಂದೂ ದನಿ ಎತ್ತಿದವನಲ್ಲ. "ನೋಡವಾ. ನಾ ನಿನ್ನ ಹೆದರಸಾಕತ್ತಿಲ್ಲ. ಕಾನೂನು ಹೇಳತೀನಿ. ನಮ್ಮ ಕಡೆ ಕೆಲಸ ಹೋತಂದ್ರ ಇನ್ನೊಬ್ಬ ಸ್ಪಾನ್ಸರ್ ಹುಡುಕಾಕ ನೂರಾ ಎಂಬತ್ತು ದಿನ. ಸಿಗಲಿಲ್ಲಂದ್ರ ವಾಪಸ್ಸು. ಶಶಿಧರ ಇದ್ದಿದ್ರ ಏನ ಹೇಳತಿದ್ದ, ವಿಚಾರ ಮಾಡು."

ಶಶಿಧರ ಏನು ಹೇಳುತ್ತಿದ್ದ ಎಂದು ದ್ಯಾಮವ್ವ ವಿಚಾರ ಮಾಡಿದಳು. ಗೊತ್ತಾಗಲಿಲ್ಲ. ಅವನ ದನಿ ಅವಳಿಗೆ ನೆನಪಾಗುವುದು ನಿಂತು ಬಹಳ ದಿನವಾಗಿತ್ತು. ಅವನ ಹೆಸರು ಮಾತ್ರ ಈ ಮನುಷ್ಯನ ಬಾಯಲ್ಲಿತ್ತು. ಅವಳಿಗೆ ತಡೆಯಲಾಗದ್ದು ಅದು.

ಬಾಗಿಲು ತೆರೆದು ಅಡುಗೆಮನೆಗೆ ನಡೆದಳು. ಮಾಧುರಿ, ಗುರುಬಸವ ಹಿಂದೆಯೇ ಬಂದರು.

"ಅಜ್ಜೀ" ಎಂದಳು ದ್ಯಾಮವ್ವ. "ನಾ ಹೊರಗಾಗಿಲ್ರಿ. ನಿನ್ನೇನೂ ಆಗಿರಲಿಲ್ಲ."

ಮಾಧುರಿಯ ಬಿಗಿದ ಹೆಗಲು ಇಳಿಯಿತು.

"ಹಂಗ ಹೇಳಿದವರು ಅಕ್ಕಾರು. ನಾ ಎಸ್ಸಿ ಅದೀನಿ. ನಾ ದೀಪ ಹಚ್ಚಬಾರದಂತ ಹಂಗ ಹೇಳಿದ್ರು. ನಾ ಅವರ ಸಂಬಂಧ ಅಲ್ಲ. ನನ್ನ ಹೆಸರು ದಾನಮ್ಮ ಅಲ್ಲ, ದ್ಯಾಮವ್ವ. ಆ ರೊಟ್ಟಿ ನಾನ ಬಡಿದದ್ದು. ಎರಡು ವರ್ಷದಿಂದ ಎಲ್ಲಾ ರೊಟ್ಟಿ ನಾನ ಬಡಿದದ್ದು."

ಅತ್ತೆ ತಟ್ಟೆಯ ಕಡೆ ನೋಡಿದರು. ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಇಟ್ಟರು. ಎದ್ದರು. ಯಾರನ್ನೂ ನೋಡದೆ ಮೆಟ್ಟಿಲು ಹತ್ತಿದರು. ಮೇಲೆ ಬಾಗಿಲು ಮುಚ್ಚಿತು. ಶವರ್ ಬಿಟ್ಟ ಸದ್ದು ಬಂತು. ಆ ನೀರಿನ ಪೈಪು ಅಡುಗೆಮನೆಯ ಗೋಡೆಯೊಳಗೇ ಇಳಿದಿತ್ತು. ನೀರು ಗೋಡೆಯೊಳಗೆ ಇಳಿಯುತ್ತಲೇ ಇತ್ತು.

"ಅವರು ದಿನಾ ಈ ಹೊತ್ತಿಗೇ ಸ್ನಾನ ಮಾಡೋದು" ಎಂದಳು ವಿಜಯಾ.

ಅತ್ತೆಯ ಕೂದಲು ಆಗಲೇ ಒದ್ದೆಯಾಗಿತ್ತು. ಅದನ್ನು ನಾಲ್ವರೂ ನೋಡಿದ್ದರು.

ವಿಜಯಾ ದ್ಯಾಮವ್ವನ ಹತ್ತಿರ ಬಂದಳು. ತರಬೇತಿ ಪಡೆದ ಮೆತ್ತಗಿನ ದನಿ. "ನೋಡಿ, ನನಗೆ ನಿಮ್ಮ ಮೇಲೆ ರೆಸ್ಪೆಕ್ಟ್ ಜಾಸ್ತಿ ಆಯ್ತು. ನಿಜವಾಗ್ಲೂ. ನಾವ್ಯಾರೂ ಇಲ್ಲಿ ಜಾತಿ ನೋಡಲ್ಲ. ಅದನ್ನೆಲ್ಲ ಇಂಡಿಯಾದಲ್ಲೇ ಬಿಟ್ಟು ಬಂದಿದೀವಿ. ಆದರೆ ಇವತ್ತು ಆ ವಿಷಯ ಬೇಡ. ತುಂಬ ನೆಗೆಟಿವ್ ಆಗುತ್ತೆ. ಡೆಮೊ ಬಿಟ್ಟುಬಿಡೋಣ, ಟೈಮ್ ಇಲ್ಲ ಅಂತ ಹೇಳ್ತೀನಿ. ಮೂರು ನಿಮಿಷದ ಮಾತು ಪ್ರೋಗ್ರಾಮ್‌ನಲ್ಲಿ ಪ್ರಿಂಟ್ ಆಗಿದೆ. ಇವತ್ತೊಂದು ದಿನ ದಾನಮ್ಮ ಆಗೇ ಇರಿ. ಪ್ಲೀಸ್."

"ಮಧ್ಯಾಹ್ನ ಊಟಕ್ಕ ನನ್ನ ರೊಟ್ಟಿ ಕೊಡತೀರೇನ್ರಿ?" ಎಂದಳು ದ್ಯಾಮವ್ವ.

ವಿಜಯಾ ಮೇಲೆ ಮೆಟ್ಟಿಲ ಕಡೆ ನೋಡಿದಳು. "ಪೀಟ್ಸಾ ಹೇಳೋಣ ಅಂತಿದ್ದೆ. ಮಕ್ಕಳೂ ಬರ್ತಾರಲ್ಲ."

*

ದ್ಯಾಮವ್ವನ ಬ್ಯಾಗು ಡಿಕ್ಕಿಯಲ್ಲಿತ್ತು. ಸಿಡ್ನಿಯಲ್ಲಿ ಅವಳಿಗೆ ಯಾರ ಪರಿಚಯವೂ ಇರಲಿಲ್ಲ. ಅದೇ ಕಾರಿನಲ್ಲಿ, ಅದೇ ಡಬ್ಬಿಗಳ ನಡುವೆ ಕೂತಳು. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಇತ್ತು, ಮಾಧುರಿಯ ಮಗಳಿಗೆಂದು ಹಾಕಿದ್ದು. ಹೊರಗಿನಿಂದಲೇ ತೆರೆಯಬೇಕು.

ಅರ್ಧ ದಾರಿ ಕಳೆಯಿತು. ಆಮೇಲೆ ಮಾಧುರಿ ಮುಂದೆ ನೋಡುತ್ತಲೇ ಹೇಳಿದಳು.

"ಆದದ್ದ ಆತು. ನಾ ಸಿಟ್ಟ ಇಟ್ಟಕೊಳ್ಳಂಗಿಲ್ಲ. ವಿಜಯಾನ ಮನಿ ಮಾತು ಹೊರಗ ಹೋಗಂಗಿಲ್ಲ, ಅವರಿಗೂ ಮರ್ಯಾದಿ ಬೇಕು. ಹತ್ತು ಸಾಲು ಹೇಳಿ ಇಳಿದು ಬಾ. ಸೋಮವಾರ ಸಹಿ ಆಗತೈತಿ. ಹೌದಲ್ರಿ?"

"ಆಗತೈತಿ" ಎಂದ ಗುರುಬಸವ.

ಅವರು ಹಾಗೆ ಹೇಳುತ್ತಾರೆ ಎಂದು ದ್ಯಾಮವ್ವ ಎಣಿಸಿರಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡಿದ್ದಳು. ಈಗ ಮತ್ತೆ ಬಾಗಿಲು ತೆರೆದಿತ್ತು. ಹತ್ತು ಸಾಲು. ಬಾಯಿಗೆ ಬರುತ್ತವೆ. ಹೇಳಿದರೆ ಯಾರ ಮನೆಯೂ ಮುಳುಗುವುದಿಲ್ಲ. ಪಿಆರ್ ಬಂದರೆ ಯಾವ ಮಾಧುರಿಯೂ ಬೇಕಿಲ್ಲ. ಎರಡು ವರ್ಷ ನುಂಗಿದವಳು ಇನ್ನು ಮೂರು ನಿಮಿಷ ನುಂಗಲಾರಳೇ? ಅವಳು ಲೆಕ್ಕ ಹಾಕಿದಳು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಗೋಡೆಯೊಳಗೆ ನೀರು ಇಳಿಯುವ ಸದ್ದು ಕಿವಿಯಿಂದ ಹೋಗಿರಲಿಲ್ಲ.

ಹಾಲ್ ತುಂಬಿತ್ತು. ದ್ಯಾಮವ್ವ ಕೊನೆಯ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಇಪ್ಪತ್ತಾರು ಇಪ್ಪತ್ತೇಳರ ಒಬ್ಬ ಹುಡುಗಿ.

"ಹಾಯ್, ನಾನು ಐಶ್ವರ್ಯಾ. ಇಲ್ಲೇ ಟೂಂಗಾಬಿ" ಎಂದಳು. "ಫಸ್ಟ್ ಟೈಮಾ? ನಂದು ಮೂರನೇ ಸೆಷನ್. ಆಫೀಸಲ್ಲಿ ಮೀಟಿಂಗಲ್ಲಿ ಬಾಯೇ ಬಿಡ್ತಿರಲಿಲ್ಲ ನಾನು. ಈಗ ಸ್ವಲ್ಪ ಬೆಟರ್."

ಮಾಧುರಿ ಇಪ್ಪತ್ತು ನಿಮಿಷ ಮಾತಾಡಿದಳು. ಚೆನ್ನಾಗಿ ಮಾತಾಡಿದಳು. ಬರಿಗೈಯಲ್ಲಿ ಬಂದದ್ದು, ಈ ಕೈಯಿಂದ ಸಾವಿರಾರು ರೊಟ್ಟಿ ಬಡಿದದ್ದು. ಕೈ ಎತ್ತಿ ತೋರಿಸಿದಳು. ನೇಲ್ ಪಾಲಿಶ್ ಹಚ್ಚಿದ ಬೆರಳುಗಳು. ಚಪ್ಪಾಳೆ ಬಿತ್ತು.

ವಿಜಯಾ ಮೈಕ್ ಹಿಡಿದಳು. "ಈಗ ನಿಮ್ಮ ಮುಂದೆ ಒಂದು ಜೀವಂತ ಉದಾಹರಣೆ. ಗಂಡನನ್ನ ಕಳಕೊಂಡು, ಭಾಷೆ ಬಾರದ ದೇಶದಲ್ಲಿ, ದಿನಕ್ಕೊಂದು ಧೈರ್ಯ ಮಾಡಿ ಎದ್ದು ನಿಂತವರು. ದಾನಮ್ಮ ಅವರೇ, ಬನ್ನಿ."

ದ್ಯಾಮವ್ವನ ಕೈಗಳು ತೊಡೆಯ ಮೇಲಿದ್ದವು. ಅವು ಅಲ್ಲೇ ಇದ್ದವು.

"ದಾನಮ್ಮ ಅವರೇ?"

ಜನ ತಿರುಗಿ ನೋಡತೊಡಗಿದರು. ಮುಂದಿನ ಸಾಲಿನಲ್ಲಿದ್ದ ಮಾಧುರಿ ಎದ್ದು ಅವಳ ಕಡೆ ಕೈ ತೋರಿಸಿದಳು. ನೂರು ಮುಖಗಳೂ ಅವಳ ಮೇಲೆ ನಿಂತವು. ಯಾರೋ ಚಪ್ಪಾಳೆ ಶುರುಮಾಡಿದರು. ಇನ್ನೊಬ್ಬರು ಸೇರಿದರು. ಚಪ್ಪಾಳೆಗೆ ತಾಳ ಬಂತು. ಬನ್ನಿ, ಬನ್ನಿ, ಬನ್ನಿ. ಎಲ್ಲರೂ ನಗುತ್ತಿದ್ದರು. ಒಳ್ಳೆಯ ನಗೆ. ತಾಳ ಜೋರಾಯಿತು. ಎದೆಯ ಮೇಲೆ ಬಡಿದಂತೆ ಬರುತ್ತಿತ್ತು.

ಮಾಧುರಿ ಸಾಲುಗಳ ನಡುವೆ ನಡೆದು ಬಂದಳು. ನಗುತ್ತಲೇ ಬಾಗಿ ಅವಳ ಮೊಣಕೈ ಹಿಡಿದಳು. ಉಗುರು ನಾಟಿತು.

"ಏಳ."

"ಏಳಂಗಿಲ್ಲ."

"ಸೋಮವಾರ ನೆನಪ ಇಟ್ಕೊ."

"ಐತ್ರಿ ನೆನಪು."

ದ್ಯಾಮವ್ವ ಮೊಣಕೈ ಬಿಡಿಸಿಕೊಂಡಳು. ಕುರ್ಚಿಯ ಎರಡೂ ಅಂಚು ಹಿಡಿದಳು. ಕುರ್ಚಿಯ ಕಾಲು ನೆಲಕ್ಕೆ ತಾಗಿ ಸಣ್ಣಗೆ ಸದ್ದು ಮಾಡುತ್ತಿತ್ತು. ಆದರೆ ಅವಳು ಕೂತಿದ್ದಳು. ಚಪ್ಪಾಳೆಯ ತಾಳ ತಪ್ಪಿತು. ಅಲ್ಲೊಂದು ಇಲ್ಲೊಂದು ಕೈ ಉಳಿದು, ಅವೂ ನಿಂತವು. ಮಾಧುರಿ ಎಲ್ಲರಿಗೂ ಕಾಣುವಂತೆ ಅವಳ ತಲೆ ಸವರಿ ಮುಂದೆ ಹೋಗಿ ಕೂತಳು.

ವಿಜಯಾ ಮೈಕನ್ನು ಬಾಯಿಯ ಹತ್ತಿರ ತಂದಳು. ಅವಳ ದನಿ ಮೃದುವಾಗಿತ್ತು.

"ಪರವಾಗಿಲ್ಲ. ನೋಡಿ ಫ್ರೆಂಡ್ಸ್, ಇದೂ ನಮಗೊಂದು ಪಾಠ. ಧೈರ್ಯ ಎಲ್ಲರಿಗೂ ಒಂದೇ ದಿನ ಬರಲ್ಲ. ಅವರಿಗೆ ಸಮಯ ಕೊಡೋಣ. ಅವರು ಇಲ್ಲಿವರೆಗೂ ಬಂದಿದ್ದೇ ದೊಡ್ಡದು. ಒಂದು ಬಿಗ್ ಹ್ಯಾಂಡ್."

ಮತ್ತೆ ಚಪ್ಪಾಳೆ. ಈ ಸಲ ಮೆತ್ತಗೆ, ಕನಿಕರದ ಚಪ್ಪಾಳೆ. ಮುಂದಿನ ಸಾಲಿನ ಒಬ್ಬ ಹೆಂಗಸು ತಿರುಗಿ ಪಾಪ ಎನ್ನುವಂತೆ ಕತ್ತು ವಾಲಿಸಿದಳು. ಸ್ಟೇಜಿನ ಮೇಲೆ ಮುಂದಿನ ಸ್ಲೈಡ್ ಬಂತು.

ಐಶ್ವರ್ಯಾ ಅವಳ ಕೈ ಮೇಲೆ ತನ್ನ ಕೈ ಇಟ್ಟಳು. "ಡೋಂಟ್ ವರಿ ಆಂಟಿ. ನಂಗೂ ಫಸ್ಟ್ ಟೈಮ್ ಹೀಗೇ ಆಗಿತ್ತು. ಕಾಲೇ ಬರಲ್ಲ, ಅಲ್ವಾ? ನೆಕ್ಸ್ಟ್ ಟೈಮ್ ಮಾಡ್ತೀರಾ."

"ನಾ ಅಂಜಿಲ್ಲ" ಎಂದಳು ದ್ಯಾಮವ್ವ. ಹಲ್ಲು ಕಟಕಟ ಎನ್ನುತ್ತಿದ್ದವು. "ಅಂಜೀನಿ. ಆದ್ರ ಅದಕ್ಕ ಕುಂತಿಲ್ಲ. ಒಲ್ಲೆ ಅಂತ ಕುಂತೀನಿ."

ಐಶ್ವರ್ಯಾಳಿಗೆ ಅರ್ಥವಾಗಲಿಲ್ಲ. "ಏನು ಒಲ್ಲೆ?"

ದ್ಯಾಮವ್ವ ಅವಳ ಕಡೆ ತಿರುಗಲಿಲ್ಲ. ಎದುರಿನ ಕುರ್ಚಿಯ ಬೆನ್ನು ನೋಡುತ್ತ ಹೇಳತೊಡಗಿದಳು. ಹೆಸರಿನಿಂದ ಶುರುಮಾಡಿದಳು. ಓಣಿ ಹೇಳಿದಳು, ಜಾತಿ ಹೇಳಿದಳು. ಟ್ರೇನು, ಹನ್ನೆರಡನೆಯ ದಿನ, ಚಹಾದ ಕಪ್ಪು, ತಾನು ಅಂದ ಹೂಂ. ಬೆಂಕಿಪೊಟ್ಟಣ, ಲಾಂಡ್ರಿ ರೂಮು, ಮೇಲಿನ ಮಹಡಿಯ ಶವರು. ದನಿ ಏರಿಸಲಿಲ್ಲ. ಇಳಿಸಲೂ ಇಲ್ಲ. ಮೂರು ನಿಮಿಷ ದಾಟಿತು. ಹತ್ತು ನಿಮಿಷ ದಾಟಿತು. ಹೇಳಿ ಮುಗಿಸುವವರೆಗೆ ಆ ಹುಡುಗಿಯ ಕೈ ತನ್ನ ಕೈ ಮೇಲೇ ಇತ್ತೋ, ನಡುವೆ ಎಲ್ಲಾದರೂ ಸರಿಯಿತೋ, ದ್ಯಾಮವ್ವ ನೋಡಲಿಲ್ಲ.